ಮಕ್ಕಳ ದಿನವೂ, ಕನ್ನಡ ತಿಳಿಯೋ ಆನೆಯೂ

ನವೆಂಬರ್ 14 ಬಂತು ಅಂದ್ರೆ ನಮ್ ಸಕಲೇಶಪುರ, ಆಲೂರು ಕಡೆ ಶಾಲೆಗಳಲ್ಲಿ ಒಂದು ಭಾಷಣ, ಕೈಗೊಂದು ಚಾಕ್ಲೇಟು. ನೆಹರೂ 1889ರಲ್ಲಿ ಹುಟ್ಟಿದ ದಿನ ಅಂತ ಮಕ್ಳಿಗೆಲ್ಲ ಬಾಯಿಪಾಠ. 1964ರಲ್ಲಿ ಅವರು ತೀರಿಕೊಂಡ ಮೇಲೆ ಈ ದಿನ ಶುರುವಾಯ್ತು ಅಂತ ಸುಮಾರು ಜನ ಹೇಳ್ತಾರೆ. ಹಂಗಲ್ಲ ಕಣ್ರೀ. 1957ರ ನವೆಂಬರ್ 14ರಂದೇ, ಅವರಿನ್ನೂ ಪ್ರಧಾನಿಯಾಗಿದ್ದಾಗಲೇ, ಅಂಚೆ ಇಲಾಖೆ ಮಕ್ಕಳ ದಿನಕ್ಕೆ ಮೂರು ಸ್ಟಾಂಪು ತಂದಿತ್ತು. ಒಂದರಲ್ಲಿ ಬಾಳೆಹಣ್ಣು ತಿನ್ನೋ ಹುಡುಗ, ಒಂದರಲ್ಲಿ ಬರೆಯೋ ಹುಡುಗಿ, ಇನ್ನೊಂದರಲ್ಲಿ ಆಟದ ಕುದುರೆ. ಊಟ, ಓದು, ಆಟ. ಈ ದಿನದ ಅರ್ಥ ಅಷ್ಟರಲ್ಲೇ ಐತೆ.

ಅದಕ್ಕೂ ಮುಂಚಿನ ಕತೆ ಒಂದೈತೆ. ಯುದ್ಧದ ಕಾಲದಲ್ಲಿ, 1943ರಲ್ಲಿ, ಟೋಕಿಯೋದ ಉಯೆನೋ ಮೃಗಾಲಯದ ಆನೆಗಳನ್ನ ಉಪವಾಸ ಕೆಡವಿ ಸಾಯಿಸಿದ್ರು. ಯುದ್ಧ ಮುಗಿದ ಮೇಲೆ ಅಲ್ಲಿನ ಮಕ್ಕಳು ನಮಗೊಂದು ಆನೆ ಕಳ್ಸಿ ಅಂತ ನೆಹರೂಗೆ ಕಾಗದ ಬರೆದ್ರು. 1949ರಲ್ಲಿ ಅವರು ಆನೆ ಕಳಿಸಿದ್ರು, ಮಗಳ ಹೆಸರನ್ನೇ ಇಟ್ಟು, ಇಂದಿರಾ ಅಂತ. ಅದು ನಮ್ ಮೈಸೂರು ಸೀಮೆ ಆನೆ. ಅದಕ್ಕೆ ತಿಳೀತಿದ್ದುದು ಕನ್ನಡ ಮಾತ್ರ. ಜಪಾನಿನ ಆನೆ ನೋಡಿಕೊಳ್ಳೋರು ಮಾವುತರ ಹತ್ರ ಕೂತು ಕನ್ನಡದ ಮಾತು ಕಲಿಬೇಕಾಯ್ತು!

ಮಕ್ಕಳು ಕೇಳಿದ್ರು, ದೊಡ್ಡವರು ಕಿವಿಗೊಟ್ರು. 1989ರ ನವೆಂಬರ್ 20ರಂದು ವಿಶ್ವಸಂಸ್ಥೆ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆ ಇದನ್ನೇ ಹಕ್ಕು ಅಂತ ಬರೀತು: ತನಗೆ ಸಂಬಂಧಪಟ್ಟ ವಿಷಯದಲ್ಲಿ ಮಗುವಿನ ಮಾತು ಕೇಳಬೇಕು. 1992ರಲ್ಲಿ ನಮ್ ದೇಶನೂ ಅದಕ್ಕೆ ಒಪ್ಪಿತು.

ಈಗ ನಮ್ಮೂರಿಗೆ ಬನ್ನಿ. ಇಲ್ಲಿನ ಮಕ್ಳು ಆನೆ ಕಳ್ಸಿ ಅಂತ ಕೇಳಲ್ಲ. ನವೆಂಬರಲ್ಲಿ ಗದ್ದೆ ಹಣ್ಣಾಗ್ತಿರುತ್ತೆ, ಕಾಫಿನೂ ಕೆಂಪಗಾಗ್ತಿರುತ್ತೆ, ಆನೆ ತೋಟದೊಳಗೇ ಇರ್ತವೆ. ಬಸ್ಸಿಗೆ ಅಂತ ತೋಟದ ದಾರೀಲಿ ನಡೆದು ಬರೋ ಮಕ್ಳು, ಲೈನ್ ಮನೆ ಮಕ್ಳು, ಬೆಳಿಗ್ಗೆ ಮಂಜಲ್ಲಿ ಎದುರಿಗಿರೋದು ಮರವೋ ಆನೆಯೋ ಅಂತ ನಿಂತು ನೋಡಬೇಕು. ಫೋನಿಗೆ "ಆನೆ ಐತೆ" ಅಂತ ಮೆಸೇಜು ಬಂದ್ರೆ ನಾವೂ ಮಕ್ಳನ್ನ ಮನೇಲೇ ಉಳಿಸ್ಕೊತೀವಿ. ಆವತ್ತಿನ ಪಾಠ ಹೋಯ್ತು. ಸ್ಟಾಂಪಿನಲ್ಲಿ ಬರೀತಾ ಕೂತಿದ್ದಾಳಲ್ಲ ಹುಡುಗಿ, ಅವಳು ನಮ್ಮೂರಲ್ಲಿ ಶಾಲೆಗೆ ತಲುಪೋದೇ ಮೊದಲ ಕೆಲಸ.

ಆನೆನ ಬೈದು ಪ್ರಯೋಜನ ಇಲ್ಲ, ಅದಕ್ಕೂ ಹೊಟ್ಟೆ ಐತೆ. ಆದ್ರೆ ನಮ್ ರಾಜ್ಯದ ಪಂಚಾಯ್ತಿಗಳಲ್ಲಿ ಮಕ್ಕಳ ಗ್ರಾಮಸಭೆ ಅಂತ ಒಂದು ಐತಲ್ಲ, ಮಕ್ಳನ್ನ ಅಲ್ಲಿಗೆ ಕಳ್ಸಿ. ಯಾವ ತಿರುವಲ್ಲಿ ಭಯ ಆಗುತ್ತೆ, ಬಸ್ಸು ಎಲ್ಲಿ ತನಕ ಬಂದ್ರೆ ಅನುಕೂಲ, ಬೀದಿದೀಪ ಎಲ್ಲಿಲ್ಲ, ಇದೆಲ್ಲ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ಹೋಗೋ ಮುಂಚೆ ರಾತ್ರಿ ಊಟಕ್ಕೆ ಕೂತಾಗ ಒಂದ್ಸಲ ಕೇಳಿ, ಅವರು ಹೇಳಿದ್ದನ್ನ ಒಂದು ಹಾಳೇಲಿ ಬರೆಸಿ ಕೈಗೆ ಕೊಟ್ಟು ಕಳ್ಸಿ.