ಸೊರಬದ ಗಡಿಯಾಚೆ, ಹಾನಗಲ್ಲಿನ ಗಡಿಯೀಚೆ: ಮಂಗನ ಕಾಯಿಲೆಯ ವಿಜ್ಞಾನ ನಡೆದು ಬಂದ ದಾರಿ

ಹಾನಗಲ್ಲಿನಿಂದ ದಕ್ಷಿಣಕ್ಕೆ ಹೊರಟ ಬಸ್ಸು ಆನವಟ್ಟಿ ತಲುಪುವಷ್ಟರಲ್ಲಿ ಜಿಲ್ಲೆ ಹಾವೇರಿಯಿಂದ ಶಿವಮೊಗ್ಗಕ್ಕೆ ಬದಲಾಗಿರುತ್ತದೆ. ಗದ್ದೆ, ಕೆರೆ, ಅಡಿಕೆ ತೋಟ, ಕುರುಚಲು ಕಾಡು ಮಾತ್ರ ಹಾಗೆಯೇ ಮುಂದುವರಿಯುತ್ತವೆ. ಹಿರೇಕೆರೂರಿನಿಂದ ಶಿರಾಳಕೊಪ್ಪದ ಕಡೆಗೆ ಹೋದರೂ ಅಷ್ಟೇ. ಸವಣೂರು ಬಯಲುಸೀಮೆ. ಶಿಗ್ಗಾಂವಿಯ ಪಶ್ಚಿಮದ ಅಂಚು ಮುಂಡಗೋಡದ ಕಾಡಿನ ಕಡೆಗೆ ಚಾಚಿದೆ. ಹಾನಗಲ್ ಮತ್ತು ಹಿರೇಕೆರೂರು ಮಲೆನಾಡಿನ ಸೆರಗಿನಲ್ಲೇ ಇವೆ. ಆ ಸೆರಗಿನಾಚೆ ಸೊರಬ ತಾಲ್ಲೂಕಿನಲ್ಲಿ ಕ್ಯಾಸನೂರು ಎಂಬ ಕಾಡಿದೆ. ಪ್ರಾಣಿಗಳಿಂದ ಮನುಷ್ಯರಿಗೆ ದಾಟುವ ವೈರಸ್‌ಗಳ ಬಗ್ಗೆ ಜಗತ್ತಿನಲ್ಲಿ ಎಲ್ಲೇ ಪಾಠ ನಡೆದರೂ ಈ ಕಾಡಿನ ಹೆಸರು ಬರುತ್ತದೆ.

ಈ ಸೀಮೆಗೆ ರೋಗವಿಜ್ಞಾನಿಗಳು ಬಂದದ್ದು ವೈರಸ್ ಹುಡುಕಿಕೊಂಡಲ್ಲ, ಸೊಳ್ಳೆ ಹುಡುಕಿಕೊಂಡು. 1946ರಿಂದ ಆಗಿನ ಮುಂಬಯಿ ಪ್ರಾಂತ್ಯದ ಧಾರವಾಡ ಮತ್ತು ಕೆನರಾ ಜಿಲ್ಲೆಗಳಲ್ಲಿ ಡಿ. ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಮನೆಗಳ ಒಳಗೋಡೆಗೆ ಡಿಡಿಟಿ ಸಿಂಪಡಿಸಿ ಹಳ್ಳಿಗಳ ಮಲೇರಿಯಾವನ್ನು ಹಿಮ್ಮೆಟ್ಟಿಸಿದರು. ಹಾನಗಲ್, ಹಿರೇಕೆರೂರು, ಶಿಗ್ಗಾಂವಿ ಆಗ ಧಾರವಾಡ ಜಿಲ್ಲೆಯಲ್ಲಿದ್ದವು. ಸವಣೂರು 1948ರವರೆಗೆ ನವಾಬರ ಸಂಸ್ಥಾನ. ಇದೇ ರಾಮಚಂದ್ರ ರಾವ್ ಮುಂದೆ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಹೋಗಿ ಅದರ ನಿರ್ದೇಶಕರೂ ಆದರು. ಮಲೇರಿಯಾದಲ್ಲಿ ಕೀಟದ ಬೆನ್ನು ಹತ್ತುವುದನ್ನು ಕಲಿತ ತಲೆಮಾರು ವೈರಸ್‌ಗಳ ಕಡೆಗೆ ತಿರುಗಿತು.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ರಾಕ್‌ಫೆಲರ್ ಪ್ರತಿಷ್ಠಾನ ಕೂಡಿ 1952ರಲ್ಲಿ ಆರಂಭಿಸಿದ ಕೇಂದ್ರ ಅದು. 1957ರ ಮಾರ್ಚ್‌ನಲ್ಲಿ ಸೊರಬದ ಕಡೆಯಿಂದ ಸುದ್ದಿ ಬಂತು: ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಸುತ್ತಲ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದ್ದಾರೆ. ಮಂಗ ಮತ್ತು ಮನುಷ್ಯ ಒಟ್ಟಿಗೆ ಸಾಯುವ ಜ್ವರವೆಂದರೆ ಮೊದಲು ನೆನಪಾಗುವುದು ಹಳದಿ ಜ್ವರ. ಏಷ್ಯಾದಲ್ಲಿ ಆವರೆಗೆ ಕಾಣಿಸಿಕೊಂಡಿರದ ಆ ರೋಗ ಇಲ್ಲಿ ಕಾಲಿಟ್ಟಿದ್ದರೆ ಗತಿಯೇನು ಎಂಬ ಭಯದಲ್ಲೇ ಟೆಲ್ಫರ್ಡ್ ವರ್ಕ್ ಮತ್ತು ಹ್ಯಾರಲ್ಡ್ ಟ್ರಪಿಡೊ ಅವರ ತಂಡ ಬಂತು. ಸಿಕ್ಕಿದ್ದು ಹಳದಿ ಜ್ವರವಲ್ಲ. ಸೈಬೀರಿಯಾದ ಕಾಡುಗಳಲ್ಲಿ ಮಿದುಳು ಜ್ವರ ತರುವ ವೈರಸ್‌ಗಳ ಬಳಗಕ್ಕೆ ಸೇರಿದ, ಅಲ್ಲಿಯವರೆಗೆ ಯಾರಿಗೂ ಗೊತ್ತಿರದ, ಮಂಗನ ಕಾಯಿಲೆ ತರುವ ಒಂದು ವೈರಸ್. ಅದನ್ನು ಹೊತ್ತು ತರುವುದು ಉಣ್ಣೆ.

ಸೈಬೀರಿಯಾ ಎಂದೊಡನೆ ಎಲ್ಲರ ಕಣ್ಣು ಆಕಾಶಕ್ಕೆ ಹೋಯಿತು. ಚಳಿಗಾಲದ ವಲಸೆ ಹಕ್ಕಿಗಳು ಉಣ್ಣೆಗಳನ್ನು ತಂದಿರಬಹುದೇ? ಈ ಪ್ರಶ್ನೆಯಿಂದಲೇ ವಿಶ್ವ ಆರೋಗ್ಯ ಸಂಸ್ಥೆಯ ನೆರವು ದೊರೆತು, ಸಲೀಂ ಅಲಿ ಅವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕಾರ್ಯಕ್ರಮ ಕೈಗೊಂಡಿತು. ಹಕ್ಕಿಗಳ ವಲಸೆಯ ಬಗ್ಗೆ ದೇಶಕ್ಕೆ ಅಪಾರ ತಿಳಿವು ದಕ್ಕಿತು. ಆದರೆ ಮಂಗನ ಕಾಯಿಲೆಯ ಗುಟ್ಟು ಇದ್ದದ್ದು ನೆಲದ ಮೇಲೆ, ತರಗೆಲೆಗಳ ನಡುವೆ.

ಆ ನೆಲದ ಕೆಲಸವೇ ಈ ಕ್ಷೇತ್ರದ ಅತ್ಯುತ್ತಮ ಅಧ್ಯಾಯ ಎಂದು ನನಗನಿಸುತ್ತದೆ. ಸಾಗರದಲ್ಲಿ ಕ್ಷೇತ್ರ ಕೇಂದ್ರ ತೆರೆಯಿತು. ಕೊಲಂಬಿಯಾದಲ್ಲಿ ಕಾಡಿನ ಹಳದಿ ಜ್ವರವನ್ನು ಅಧ್ಯಯನ ಮಾಡಿದ್ದ ಹೊರ್ಹೆ ಬೋಶೆಲ್, ಕೀಟವಿಜ್ಞಾನಿ ಪಿ. ಕೆ. ರಾಜಗೋಪಾಲನ್ ಮುಂತಾದವರು ಇಲ್ಲಿ ದುಡಿದರು. ವಿಧಾನ ಬಹಳ ಸರಳ. ಬಿಳಿ ಫ್ಲಾನೆಲ್ ಬಟ್ಟೆಯ ಒಂದು ತುಂಡನ್ನು ತರಗೆಲೆಗಳ ಮೇಲೆ ಮೆಲ್ಲಗೆ ಎಳೆಯುತ್ತ ಹೋಗಬೇಕು. ಹಾದುಹೋಗುವ ಯಾವುದೋ ಮೈಗೆ ಕಾದು ಕುಳಿತ ಉಣ್ಣೆಮರಿಗಳು ಬಟ್ಟೆಯನ್ನೇ ಮೈಯೆಂದು ಬಗೆದು ಹತ್ತುತ್ತವೆ. ಅಷ್ಟಷ್ಟು ದೂರಕ್ಕೆ ನಿಂತು, ಬಟ್ಟೆ ತಿರುವಿ, ಎಳ್ಳಿಗಿಂತ ಚಿಕ್ಕ ಜೀವಗಳನ್ನು ಚಿಮಟದಿಂದ ಹೆಕ್ಕಿ ಸೀಸೆಗೆ ಹಾಕಬೇಕು. ಜಾತಿ ಗುರುತಿಸಿ, ಅರೆದು, ಇಲಿಮರಿಗಳಿಗೆ ಚುಚ್ಚಿ ವೈರಸ್ ಇದೆಯೇ ಎಂದು ನೋಡಬೇಕು. ಋತು ಋತುವಿಗೂ ಹೀಗೆ ಎಣಿಸಿದ್ದರಿಂದ ಹೆಮಫೈಸಾಲಿಸ್ ಸ್ಪಿನಿಜೆರಾ ಎಂಬ ಮುಖ್ಯ ಉಣ್ಣೆಯ ವರ್ಷಚಕ್ರ ಸ್ಪಷ್ಟವಾಯಿತು. ಬೆಳೆದ ಉಣ್ಣೆಗಳು ಮಳೆಗಾಲದಲ್ಲಿ ದನಗಳ ರಕ್ತ ಹೀರಿ ನೆಲಕ್ಕೆ ಬಿದ್ದು ಮೊಟ್ಟೆಯಿಡುತ್ತವೆ. ಮಳೆ ನಿಂತ ಮೇಲೆ ಮರಿಗಳೇಳುತ್ತವೆ. ಡಿಸೆಂಬರಿನಿಂದ ಬೇಸಿಗೆಯವರೆಗೆ, ಜನ ಸೌದೆಗೆ, ತರಗೆಲೆಗೆ ಕಾಡಿಗೆ ಹೋಗುವ ಕಾಲದಲ್ಲೇ, ಮುಂದಿನ ಹಂತದ ಪುಟ್ಟ ಉಣ್ಣೆಗಳು ಮನುಷ್ಯರನ್ನು ಕಚ್ಚುತ್ತವೆ. ಮಂಗ ಸತ್ತು ಮೈ ತಣ್ಣಗಾದರೆ ಅದರ ಉಣ್ಣೆಗಳು ಉದುರಿ ಆ ಜಾಗವೇ ರೋಗದ ಗೂಡಾಗುತ್ತದೆ. ಸತ್ತ ಮಂಗದ ಸುತ್ತ 50 ಅಡಿ ಮೆಲಾಥಿಯಾನ್ ಎರಚುವ ರೂಢಿಯ ಹಿಂದೆ ಇರುವುದು ಇದೇ ತಿಳಿವಳಿಕೆ.

ಬೋಶೆಲ್ 1969ರಲ್ಲಿ ಬರೆದ ಲೇಖನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಜನಸಂಖ್ಯೆ ಬೆಳೆದು, ಕಾಡು ಕಡಿದು, ಅಲ್ಲೇ ದನ ಮೇಯಿಸಿದ್ದರಿಂದ ಉಣ್ಣೆ ಹೆಚ್ಚಿತು. ಹಿಂದೆ ಕಾಡಿನೊಳಗೇ ಸುತ್ತುತ್ತಿದ್ದ ವೈರಸ್ ಹಳ್ಳಿಯ ಅಂಚಿಗೆ ಬಂತು ಎಂಬುದು ಅವರ ವಾದ. ದನದ ಮೈಯಲ್ಲಿ ವೈರಸ್ ಹೆಚ್ಚು ಬೆಳೆಯದು, ಆದರೆ ಉಣ್ಣೆಯನ್ನು ಸಾಕುವುದು ದನವೇ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕೆಂದು ಕಾಡು ಕಡಿದ ಕಡೆ ರೋಗ ಸ್ಫೋಟಿಸಿದಾಗ ಈ ವಾದಕ್ಕೆ ದಾರುಣ ಸಾಕ್ಷ್ಯ ಸಿಕ್ಕಿತು. ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರಲ್ಲಿ ಇದನ್ನು ಅಭಿವೃದ್ಧಿ ತಂದ ರೋಗವೆಂದೇ ಕರೆದರು.

ಪ್ರಯೋಗಾಲಯದ ಕಡೆಯ ಕಥೆಯನ್ನು ಚುಟುಕಾಗಿ ಹೇಳಬಹುದು. ಪುಣೆಯ ಕೇಂದ್ರ 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆಯಾಯಿತು. ಅದರ ಮೊದಲ ಮಹಿಳಾ ನಿರ್ದೇಶಕಿ ಖೋರ್ಷೆದ್ ಪಾವ್ರಿ ಈ ಜ್ವರ ರೋಗಿಗಳ ದೇಹದಲ್ಲಿ ಏನು ಮಾಡುತ್ತದೆಂದು ಶ್ರಮಪಟ್ಟು ದಾಖಲಿಸಿದರು. ಈ ವೈರಸ್ಸನ್ನು ಮುಟ್ಟುವುದೆಂದರೆ ಅಪಾಯವನ್ನು ಮುಟ್ಟಿದಂತೆ. ಪ್ರಯೋಗಾಲಯದಲ್ಲಿ ದುಡಿಯುವಾಗಲೇ ಸೋಂಕು ತಗುಲಿಸಿಕೊಂಡವರು ಹಲವರು. ಅವರ ಋಣ ನಮ್ಮ ಮೇಲಿದೆ.

ಲಸಿಕೆಯ ಕಥೆ ನೋವಿನದು. ಕೋಳಿಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಾಲಿನ್‌ನಿಂದ ಕೊಂದು 1960ರ ದಶಕದಲ್ಲಿ ರೂಪಿಸಿದ ಲಸಿಕೆಯನ್ನು 1990ರ ಬಳಿಕ ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. 1990-92ರ ಪರೀಕ್ಷೆಯಲ್ಲಿ ಎರಡು ಡೋಸಿನ ರಕ್ಷಣೆ ಶೇ 90ಕ್ಕೂ ಮೇಲೆಂದು ಕಂಡಿತ್ತು. ಶಿವಮೊಗ್ಗದ ವೈದ್ಯ ಜಿ. ಎಸ್. ಕಾಸಬಿ ಮತ್ತು ಸಂಗಡಿಗರು 2005-10ರ ಅಂಕಿಗಳನ್ನು ಪರಿಶೀಲಿಸಿದಾಗ ಅದು ಶೇ 62ರಷ್ಟಕ್ಕೆ ಇಳಿದಿತ್ತು. 2022ರಲ್ಲಿ ರಾಜ್ಯ ಸರ್ಕಾರ ಆ ಲಸಿಕೆಯನ್ನೇ ನಿಲ್ಲಿಸಿತು. ಹಳೆಯ ಲಸಿಕೆ ಸೊರಗುತ್ತಿರುವುದು ಕಂಡಾಗಲೇ ಹೊಸದಕ್ಕೆ ಕೈಹಾಕದೆ ಇಷ್ಟು ವರ್ಷ ಕಳೆದದ್ದು ಅಕ್ಷಮ್ಯ. ಈಗ ವೈದ್ಯಕೀಯ ಸಂಶೋಧನಾ ಪರಿಷತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಜೊತೆಗೂಡಿ ಹೊಸ ಲಸಿಕೆ ಸಿದ್ಧಪಡಿಸುತ್ತಿದೆ.

ಅಷ್ಟರಲ್ಲಿ ರೋಗ ಊರೂರು ಸುತ್ತಿತ್ತು. 2012ರ ಕೊನೆಗೆ ಬಂಡೀಪುರದಲ್ಲಿ ಮಂಗಗಳು ಸತ್ತವು, ಆ ಕಳೇಬರಗಳನ್ನು ಮುಟ್ಟಿದವರಲ್ಲಿ ರೋಗ ಕಾಣಿಸಿತು. ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ದೋಡಾಮಾರ್ಗ, 2018-19ರಲ್ಲಿ ಸಾಗರದ ಅರಳಗೋಡು. ಪುಣೆಯ ದೇವೇಂದ್ರ ಮೌರ್ಯ, ಪ್ರಜ್ಞಾ ಯಾದವ್ ಮತ್ತಿತರರು ತ್ವರಿತ ಪರೀಕ್ಷಾ ವಿಧಾನಗಳನ್ನು ತಂದು ಇವನ್ನು ಬೆನ್ನಟ್ಟಿದರು. ಮಣಿಪಾಲದಲ್ಲಿ ಜಿ. ಅರುಣ್‌ಕುಮಾರ್ ಅವರ ತಂಡ ಪಶ್ಚಿಮ ಘಟ್ಟದ ಜ್ವರಗಳಲ್ಲಿ ಪಳಗಿತ್ತು. 2018ರಲ್ಲಿ ಕೋಯಿಕ್ಕೋಡಿನಿಂದ ಬಂದ ಮಾದರಿಗಳಲ್ಲಿ ಬಾವಲಿಯ ನಿಫಾ ವೈರಸ್ಸನ್ನು ಮೊದಲು ಗುರುತಿಸಿದ್ದು ಅದೇ ತಂಡ.

ಇತ್ತೀಚೆಗೆ ಬೋಶೆಲ್ ಹಿಡಿದಿದ್ದ ಎಳೆಗೆ ಮರುಜೀವ ಬಂದಿದೆ. ಬ್ರಿಟನ್ನಿನ ಬೆತನ್ ಪರ್ಸ್, ಬೆಂಗಳೂರಿನ ಅಬಿ ವನಕ್, ಎನ್. ಎಸ್. ಪ್ರಶಾಂತ್ ಮುಂತಾದವರು ಆರೋಗ್ಯ, ಅರಣ್ಯ, ಪಶುವೈದ್ಯ ಇಲಾಖೆಗಳ ಜನರನ್ನು ಒಟ್ಟಿಗೆ ಕೂರಿಸಿಕೊಂಡು ಅಪಾಯದ ನಕ್ಷೆ ಮಾಡಿದರು. 2020ರಲ್ಲಿ ಪ್ರಕಟವಾದ ಆ ಕೆಲಸದ ಪ್ರಕಾರ ಅಪಾಯ ಹೆಚ್ಚಿರುವುದು ದಟ್ಟ ಕಾಡಿನ ನಡುವಿಗಿಂತ ಕಾಡು, ತೋಟ, ಹೊಲ ಒಂದರೊಳಗೊಂದು ಹೆಣೆದುಕೊಂಡ ಕಡೆ, ನಾಟಿ ದನಗಳು ಹೆಚ್ಚಿರುವ ಕಡೆ.

ಹಾನಗಲ್ಲು, ಹಿರೇಕೆರೂರಿನ ಗಡಿ ಹಳ್ಳಿಗಳ ಚಿತ್ರವೂ ಸುಮಾರಾಗಿ ಇದೇ. ದೀಪಾವಳಿಯ ನಂತರ ಈ ಸೀಮೆಯಲ್ಲಿ ಹೋರಿ ಬೆದರಿಸುವ ಹಬ್ಬ. ಕೊಬ್ಬರಿ ಮಾಲೆ, ಬಲೂನು ಕಟ್ಟಿಕೊಂಡ ಹೋರಿಗಳು ಸೊರಬ, ಶಿಕಾರಿಪುರದಿಂದ ಇಲ್ಲಿಗೂ, ಇಲ್ಲಿಂದ ಅಲ್ಲಿಗೂ ಗಡಿ ದಾಟುತ್ತವೆ. ಉಣ್ಣೆಗೆ ಹಾವೇರಿ ಜಿಲ್ಲೆ, ಶಿವಮೊಗ್ಗ ಜಿಲ್ಲೆ ಎಂಬ ಭೇದ ಗೊತ್ತಿಲ್ಲ; ಸರ್ಕಾರಿ ಕಾಗದಕ್ಕೆ ಅದೇ ಮುಖ್ಯ. ಆನವಟ್ಟಿಯ ಆಚೆ ಮಂಗ ಸತ್ತರೆ ಓಡುವ ಕಾಲುಗಳು ಈಚೆ ಸತ್ತಾಗಲೂ ಓಡಬೇಕು, ಫ್ಲಾನೆಲ್ ಬಟ್ಟೆ ಈಚೆಯ ತರಗೆಲೆಗಳ ಮೇಲೂ ಪ್ರತಿ ಚಳಿಗಾಲ ಹರಿದಾಡಬೇಕು. ಸೌದೆಗೆ ಹೊರಟವರು ಉಣ್ಣೆ ಕಚ್ಚದಂತೆ ಕೈಗೆ, ಕಾಲಿಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆಯ ಸೀಸೆ ಡಿಸೆಂಬರಿಗೆ ಮೊದಲೇ ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಇರಬೇಕು.