ಹುಲಿ ಏನಂತೋ?

ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಮಾತು ಹಳೇ ಕಾರ್ಟೂನುಗಳ ಕಡೆ ಹೊರಳಿತು. ಅಮೆರಿಕದಲ್ಲಿ ಕೆಲ ವರ್ಷ ಇದ್ದು ಬಂದ ಗೆಳೆಯನೊಬ್ಬ ಅಲ್ಲಿಯ ಶನಿವಾರ ಬೆಳಗಿನ ಕಾರ್ಟೂನುಗಳ ಬಗ್ಗೆ ಹೇಳುತ್ತಿದ್ದ. 1960ರ ದಶಕದಿಂದ ಅಲ್ಲಿಯ ದೊಡ್ಡ ಚಾನೆಲ್ಲುಗಳು ಶನಿವಾರದ ಬೆಳಗನ್ನು ಮಕ್ಕಳಿಗೇ ಬಿಟ್ಟುಕೊಟ್ಟಿದ್ದವು. 1992ರಲ್ಲಿ ಎನ್‌ಬಿಸಿ ಕೈಬಿಟ್ಟಿತು, 2014ರ ಸೆಪ್ಟೆಂಬರಿನಲ್ಲಿ ಸಿಡಬ್ಲ್ಯೂ ಚಾನೆಲ್ಲೂ ನಿಲ್ಲಿಸಿತು, ಅಲ್ಲಿಗೆ ಆ ಸಂಪ್ರದಾಯ ಮುಗಿಯಿತು. "ನಿಮ್ಮ ಬಾಗಲಕೋಟೆಯಲ್ಲಿ ಶನಿವಾರ ಏನು ನೋಡ್ತಿದ್ರಿ?" ಅಂತ ಕೇಳಿದ.

ನನಗೆ ನಗು ತಡೆಯಲಾಗಲಿಲ್ಲ. ನಮ್ಮಲ್ಲಿ ಶನಿವಾರ ಅಂದರೆ ಮುಂಜಾನಿ ಸಾಲಿ! ಕಣ್ಣು ಉಜ್ಜಿಕೊಳ್ಳುತ್ತಾ ಎದ್ದು, ತಣ್ಣೀರು ಮುಖಕ್ಕೆ ಹಾಕಿಕೊಂಡು ಓಡಬೇಕು. ಸಾಲಿ ಬಿಟ್ಟ ಮೇಲೆ ಹಣಮಪ್ಪನ ಗುಡಿ. ಕಾರ್ಟೂನಿನ ಬೆಳಗು ಏನಿದ್ದರೂ ರವಿವಾರದ್ದು. ಅದೂ ಒಂದೇ ಚಾನೆಲ್ಲು, ದೂರದರ್ಶನ. ಅದೂ ಕರೆಂಟ್ ಇದ್ದರೆ, ಅದೂ ಮಾಳಿಗೆ ಮೇಲಿನ ಆಂಟೆನಾ ಮೇಲೆ ಕಾಗೆ ಕೂರದಿದ್ದರೆ....

1993ರಲ್ಲಿ ಬಂದ ‘ಜಂಗಲ್ ಬುಕ್’ ನಿಮಗೂ ನೆನಪಿರಬೇಕು. ಮೋಗ್ಲಿ, ಬಘೀರಾ, ಬಾಲೂ, ಶೇರ್ ಖಾನ್. ಟೈಟಲ್ ಹಾಡು ಶುರುವಾದರೆ ಓಣಿಯ ಹುಡುಗರೆಲ್ಲ ನಮ್ಮ ಪಡಸಾಲೆಯಲ್ಲಿ. ನಾವಿದ್ದದ್ದು ಹಳೇ ಬಾಗಲಕೋಟೆಯ ತಗ್ಗಿನ ಓಣಿಯೊಂದರಲ್ಲಿ. ಬ್ಲಾಕ್ ಅಂಡ್ ವೈಟ್ ಟಿವಿ, ಅದಕ್ಕೊಂದು ಮರದ ಶಟರ್. ಮೋಗ್ಲಿಯ ಚಡ್ಡಿ ಯಾವ ಬಣ್ಣದ್ದು ಅನ್ನುವುದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ.

ನನ್ನ ಪಕ್ಕದಲ್ಲಿ ಖಾಯಂ ಕೂರುತ್ತಿದ್ದವಳು ನಮ್ಮಜ್ಜಿ. ಇಲಕಲ್ಲಿನ ನೇಕಾರರ ಮನೆಯ ಮಗಳು. ಹಿಂದಿಯ ಒಂದಕ್ಷರ ಬಾರದು. ಹುಲಿ ಪರದೆ ಮೇಲೆ ಬಂದು ಗುಡುಗಿತೆಂದರೆ ನನ್ನ ತೊಡೆಗೆ ತಿವಿಯುತ್ತಿದ್ದಳು.

"ಹುಲಿ ಏನಂತೋ ತಮ್ಮಾ?"

ನನಗೂ ಹಿಂದಿ ಅಷ್ಟಕ್ಕಷ್ಟೇ. ಆದರೆ ಸಾಲಿ ಕಲಿಯುವ ಮೊಮ್ಮಗ ಗೊತ್ತಿಲ್ಲ ಅನ್ನುವುದು ಹೆಂಗೆ? "ಆ ಹುಡುಗನ್ನ ಬಿಡಂಗಿಲ್ಲ ಅಂತ ಆಣಿ ಮಾಡೈತಿ ಅಜ್ಜಿ" ಅಂತ ಏನೋ ಒಂದು ಹೊಸೆದುಬಿಡುತ್ತಿದ್ದೆ. ಮುಂದಿನ ವಾರ ಕಥೆ ಬೇರೆ ಕಡೆ ತಿರುಗಿದರೆ ಅದಕ್ಕೂ ಒಂದು ತೇಪೆ. ಒಟ್ಟಿನಲ್ಲಿ ನಮ್ಮನೆಯ ಜಂಗಲ್ ಬುಕ್‌ನ ಕನ್ನಡ ಡಬ್ಬಿಂಗ್ ಕಲಾವಿದ, ಸಂಭಾಷಣೆಕಾರ ಎರಡೂ ನಾನೇ!

ಇತ್ತೀಚೆಗೆ ಈ ಕಾರ್ಟೂನಿನ ಹಿಂದೆ ಯಾರಿದ್ದರು ಅಂತ ಹುಡುಕಿಕೊಂಡು ಹೋದೆ. ಅದೊಂದು ಸ್ವಾರಸ್ಯದ ಪ್ರಯಾಣ. ಕಿಪ್ಲಿಂಗ್ ಹುಟ್ಟಿದ್ದು 1865ರಲ್ಲಿ ಮುಂಬೈಯಲ್ಲಿ. ಮಧ್ಯಪ್ರದೇಶದ ಸಿವನಿ ಬೆಟ್ಟಗಳ ಈ ಕಥೆಗಳನ್ನು ಆತ ಬರೆದದ್ದು ಅಮೆರಿಕದ ವರ್ಮಾಂಟ್‌ನಲ್ಲಿ ಕೂತು. ಎರಡು ಪುಸ್ತಕಗಳು, 1894 ಮತ್ತು 1895ರಲ್ಲಿ ಬಂದವು. ಅದನ್ನು ಕಾರ್ಟೂನ್ ಮಾಡಿದವರು ಜಪಾನಿನ ನಿಪ್ಪಾನ್ ಅನಿಮೇಷನ್ ಕಂಪನಿಯವರು, ನಿರ್ದೇಶಕ ಫುಮಿಯೊ ಕುರೊಕಾವಾ. 1989ರ ಅಕ್ಟೋಬರಿನಿಂದ ಟಿವಿ ಟೋಕಿಯೋದಲ್ಲಿ 52 ಕಂತು ಬಂತು. ದೂರದರ್ಶನ ಅದನ್ನು ಹಿಂದಿಗೆ ತಂದಾಗ ಹಾಡು ಬರೆದವರು ಗುಲ್ಜಾರ್, ಸಂಗೀತ ವಿಶಾಲ್ ಭಾರದ್ವಾಜ್, ಶೇರ್ ಖಾನನ ದನಿ ನಾನಾ ಪಾಟೇಕರ್. ಅಂದರೆ ಭಾರತದ ಕಾಡು, ಇಂಗ್ಲಿಷಿನ ಕಥೆ, ಜಪಾನಿನ ಚಿತ್ರ, ಹಿಂದಿಯ ಮಾತು. ಕೊನೆಗೆ ಬಾಗಲಕೋಟೆಯ ಪಡಸಾಲೆಯಲ್ಲಿ ನನ್ನ ಹರಕು ಮುರುಕು ಕನ್ನಡ. ಅದು ಜಪಾನಿನದು ಅನ್ನುವುದು ನಮಗ್ಯಾರಿಗೂ ಗೊತ್ತೇ ಇರಲಿಲ್ಲ.

ಒಂದು ಕಂತಿನ ಹಿಂದಿನ ದುಡಿಮೆಯ ಲೆಕ್ಕ ಹಾಕಿ ನೋಡಿ. ಫಿಲ್ಮಿನಲ್ಲಿ ಸೆಕೆಂಡಿಗೆ 24 ಚೌಕಟ್ಟು. 22 ನಿಮಿಷಕ್ಕೆ 31,680. ಜಪಾನಿನವರು ಖರ್ಚು ಉಳಿಸಲು ಒಂದೇ ಚಿತ್ರವನ್ನು ಸಾಮಾನ್ಯವಾಗಿ ಮೂರು ಚೌಕಟ್ಟಿಗೆ ನಿಲ್ಲಿಸುತ್ತಿದ್ದರು. ಹಾಗೆ ಹಿಡಿದರೂ ಪಾತ್ರಗಳು ಒಂದೇ ಸಮನೆ ಅಲುಗಾಡುತ್ತಿದ್ದರೆ 10,560 ಚಿತ್ರ ಬೇಕು. ಅದಕ್ಕೇ ಅವರು ಇನ್ನೂ ಉಪಾಯ ಮಾಡುತ್ತಾರೆ. ಮೈ ಹಾಗೇ ಇಟ್ಟು ಬಾಯಿ ಮಾತ್ರ ಆಡಿಸುವುದು, ಓಡುವ ಕಾಲುಗಳನ್ನೇ ಮತ್ತೆ ಮತ್ತೆ ಬಳಸಿ ಹಿಂದಿನ ಕಾಡನ್ನು ಮಾತ್ರ ಸರಿಸುವುದು. ಬಾಯಿಗಂತೂ ಮುಚ್ಚಿದ್ದು, ಅರ್ಧ ತೆರೆದದ್ದು, ಪೂರ್ತಿ ತೆರೆದದ್ದು ಅಂತ ಮೂರು ಚಿತ್ರ ಇದ್ದರೆ ಸಾಕು. ಇಂಥ ಬಾಯಿಗೆ ಯಾವ ಭಾಷೆ ಹಾಕಿದರೂ ಹೊಂದುತ್ತದೆ. ಕಾರ್ಟೂನಿನ ಡಬ್ಬಿಂಗ್ ಸಿನಿಮಾದ ಡಬ್ಬಿಂಗಿಗಿಂತ ಸಲೀಸಾಗುವುದು ಇದಕ್ಕೇ.

ಇದನ್ನು ಓದುವಾಗ ನನಗೆ ನೆನಪಾದದ್ದು ಇಲಕಲ್ಲು. ಬೇಸಿಗೆ ರಜೆಯಲ್ಲಿ ಅಜ್ಜಿಯ ತವರಿಗೆ ಹೋಗುತ್ತಿದ್ದೆವು. ಬಾಗಲಕೋಟೆಯಿಂದ ಬಸ್ಸು, ಅಮೀನಗಡದಲ್ಲಿ ಕರದಂಟು, ಹುನಗುಂದ ದಾಟಿದರೆ ಇಲಕಲ್ಲು. ಓಣಿಗೆ ಕಾಲಿಟ್ಟರೆ ಕುಣಿಮಗ್ಗದ ಸದ್ದು. ಇಲಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡರ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಬೇಕು, ಪ್ರತಿ ಎಳೆಗೂ. ಒಬ್ಬರು ಕಂಡಿಕಿ ಸುತ್ತಬೇಕು, ಒಬ್ಬರು ಕೊಂಡಿ ಹಾಕಬೇಕು, ಒಬ್ಬರು ನೇಯಬೇಕು. ಉಟ್ಟವರಿಗೆ ಕಾಣುವುದು ತೋಪು ತೆನಿ ಸೆರಗು ಮಾತ್ರ. ಅಷ್ಟು ಕೈಗಳಲ್ಲಿ ಒಂದರ ಹೆಸರೂ ಸೀರೆಯ ಮೇಲೆ ಇರುವುದಿಲ್ಲ. ಕಾರ್ಟೂನು ಮಾಡಿದವರ ಕಥೆಯೂ ಅಷ್ಟೇ.

ಹೆಸರು ಉಳಿಸಿಕೊಂಡವರೂ ನಮ್ಮ ನೆಲದಲ್ಲೇ ಇದ್ದಾರೆ ಅನ್ನಿ. ಸಾಲಿಯಿಂದ ಬಾದಾಮಿ, ಪಟ್ಟದಕಲ್ಲಿಗೆ ಕರೆದೊಯ್ದಿದ್ದರು. ಬಾದಾಮಿಯ ಮೂರನೇ ಗುಹೆ, 578ನೇ ಇಸವಿಯ ಶಾಸನ ಇರುವುದು, ಅದರ ತೊಲೆಗಳ ಮೇಲೆ ಕೃಷ್ಣನ ಕಥೆ ಪಟ್ಟಿ ಪಟ್ಟಿಯಾಗಿ ಹೋಗುತ್ತದೆ. ಪಟ್ಟದಕಲ್ಲಿನ ಪಾಪನಾಥ ಗುಡಿಯ ಹೊರಗೋಡೆಯಲ್ಲಿ ರಾಮಾಯಣ ಒಂದರ ಮುಂದೊಂದು. ನೀವು ನಡೆಯುತ್ತಾ ಹೋದಂತೆ ಕಥೆ ಮುಂದೆ ಸಾಗುತ್ತದೆ. ಇಲ್ಲಿ ಚಿತ್ರ ನಿಂತಿದೆ, ನೋಡುವವನು ಓಡಬೇಕು, ಅಷ್ಟೇ ವ್ಯತ್ಯಾಸ. ಆ ಗುಡಿಯ ಶಾಸನದಲ್ಲಿ ರೇವಡಿ ಓವಜ್ಜ ಅನ್ನುವ ಶಿಲ್ಪಿಯ ಹೆಸರಿದೆ. ವಿರೂಪಾಕ್ಷ ಗುಡಿ ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರೂ, ಅವನಿಗೆ ಸಿಕ್ಕ ‘ತ್ರಿಭುವನಾಚಾರಿ’ ಬಿರುದೂ ಕಲ್ಲಿನಲ್ಲಿ ಇದೆ. ಎಂಟನೇ ಶತಮಾನದ ಟೈಟಲ್ ಕಾರ್ಡು!

ಅಜ್ಜಿಗೆ ಮಾತ್ರ ಮೋಗ್ಲಿಯನ್ನು ನೋಡಿದಾಗ ನೆನಪಾಗುತ್ತಿದ್ದದ್ದು ತೊಗಲುಗೊಂಬೆ. "ಇದು ನಮ್ಮ ಕಿಳ್ಳಿಕ್ಯಾತರ ಆಟ ಇದ್ದಂಗ ಐತಿ ನೋಡ" ಅನ್ನುತ್ತಿದ್ದಳು. ಬಿಳಿ ಪರದೆ, ಹಿಂದೆ ದೀಪ, ಹದ ಮಾಡಿ ಬಣ್ಣ ಹಾಕಿದ ತೊಗಲು. ರಾಮ ರಾವಣರ ನಡುವೆ ನಗಿಸಲಿಕ್ಕೆ ಕಿಳ್ಳೇಕ್ಯಾತ, ಬಂಗಾರಕ್ಕ. ಅಲ್ಲಿ ಯಾರೂ ಪಕ್ಕದವರನ್ನು "ಏನಂತೋ" ಅಂತ ಕೇಳಬೇಕಾಗಿರಲಿಲ್ಲ.

ಈಗ ನನ್ನನ್ನು ಬಹಳ ಕಾಡಿದ ಸಂಗತಿಗೆ ಬರುತ್ತೇನೆ. ನಮ್ಮ ಕಡೆಗೆ ಟಿವಿ ಮೊದಲು ಬಂದಾಗ ಅದು ಕನ್ನಡ ಮಾತಾಡುತ್ತಿತ್ತು! 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋದವರು ‘ಸೈಟ್’ ಅನ್ನುವ ಪ್ರಯೋಗ ನಡೆಸಿದರು. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ತೋರಿಸಿದ ಪ್ರಯೋಗ. ಕರ್ನಾಟಕದಲ್ಲಿ ಆರಿಸಿದ್ದು ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳನ್ನು. ಬಾಗಲಕೋಟೆ, ಬಾದಾಮಿ, ಹುನಗುಂದ ಎಲ್ಲ ಆಗ ವಿಜಾಪುರ ಜಿಲ್ಲೆಯವೇ, ನಮ್ಮದು ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಕೋಳಿ ಗೂಡಿಗೆ ಹಾಕುವಂಥ ಜಾಲರಿಯಿಂದ ಮಾಡಿದ ಹತ್ತು ಅಡಿಯ ಆಂಟೆನಾ. ಮುಂಜಾನೆ ಸಾಲಿ ಮಕ್ಕಳಿಗೆ ಕನ್ನಡದಲ್ಲೇ ಕಾರ್ಯಕ್ರಮ, ಸಂಜೆ ದೊಡ್ಡವರಿಗೆ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್ 1ಕ್ಕೆ. ಅದಕ್ಕೂ ಆರು ವರ್ಷ ಮೊದಲೇ ನಮ್ಮ ಜಿಲ್ಲೆಯ ಹಳ್ಳಿ ಮಕ್ಕಳು ಬೆಳಗಿನ ಟಿವಿ ನೋಡಿದ್ದರು. ವರ್ಷ ಮುಗಿಯಿತು, ಉಪಗ್ರಹವನ್ನು ಅಮೆರಿಕದವರು ವಾಪಸ್ ಕರೆಸಿಕೊಂಡರು. 1977ರಲ್ಲಿ ಗುಲಬರ್ಗಾ ಕೇಂದ್ರ ಬಂತು. ಆದರೆ 1993ರ ರವಿವಾರ ನನ್ನ ಕೈಗೆ ಸಿಕ್ಕಿದ್ದು ದಿಲ್ಲಿಯ ಹಿಂದಿ.

ಮೋಗ್ಲಿ ಯಾಕೆ ಕನ್ನಡ ಮಾತಾಡಲಿಲ್ಲ? ದಿಲ್ಲಿಯ ರಾಷ್ಟ್ರೀಯ ಜಾಲ ಅನ್ನುವುದು ಒಂದು ಕಾರಣ. ನಮ್ಮಲ್ಲೇ ಇದ್ದ ಇನ್ನೊಂದು ಕಾರಣ ಡಬ್ಬಿಂಗ್ ವಿರೋಧ. 1960ರ ದಶಕದಲ್ಲಿ ಕನ್ನಡ ಚಿತ್ರರಂಗ ಇನ್ನೂ ಮದ್ರಾಸಿನ ಸ್ಟುಡಿಯೋಗಳನ್ನು ನೆಚ್ಚಿಕೊಂಡಿದ್ದ ಕಾಲ. ಡಬ್ಬಿಂಗ್ ಚಿತ್ರಗಳು ಬಂದು ತುಂಬಿದರೆ ಕನ್ನಡದ ಕಲಾವಿದರಿಗೆ ಕೆಲಸ ಎಲ್ಲಿ ಅಂತ ಅ.ನ.ಕೃ., ಮ. ರಾಮಮೂರ್ತಿ, ಡಾ. ರಾಜ್‌ಕುಮಾರ್ ಅವರಂಥವರು ನಿಂತರು. ಅವತ್ತಿನ ಮಟ್ಟಿಗೆ ಅದು ನ್ಯಾಯವೇ. ಆ ಹೋರಾಟ ಇಲ್ಲದಿದ್ದರೆ ನಾವು ಹೆಮ್ಮೆ ಪಡುವ ಎಷ್ಟೋ ಚಿತ್ರಗಳು ಹುಟ್ಟುತ್ತಿದ್ದವೋ ಇಲ್ಲವೋ. ಆದರೆ ಕಾನೂನಿನಲ್ಲಿ ಎಲ್ಲೂ ಇಲ್ಲದ ಆ ಕಟ್ಟುಪಾಡು ದಶಕಗಟ್ಟಲೆ ಉಳಿದುಬಿಟ್ಟಿತು. 2015ರ ಜುಲೈನಲ್ಲಿ ಸ್ಪರ್ಧಾ ಆಯೋಗ ಅದು ತಪ್ಪು ಅಂತ ಆದೇಶ ಕೊಟ್ಟಿತು, 2017ರಲ್ಲಿ ‘ಸತ್ಯದೇವ್ ಐಪಿಎಸ್’ ತೆರೆಗೆ ಬಂತು. 2020ರ ಲಾಕ್‌ಡೌನಿನಲ್ಲಿ ಹಿಂದಿಯ ಮಹಾಭಾರತ ಧಾರಾವಾಹಿ ಕನ್ನಡ ಮಾತಾಡಿತು. ಇಷ್ಟೆಲ್ಲ ನಡೆಯುವ ಹೊತ್ತಿಗೆ ನಮ್ಮ ಪಡಸಾಲೆಯ ಹುಡುಗರು ಅಪ್ಪಂದಿರಾಗಿದ್ದರು.

ನನ್ನ ತಕರಾರು ಇಷ್ಟೇ. ಕಲಾವಿದರ ಅನ್ನ ಕಾಯಲು ಕಟ್ಟಿದ ಗೋಡೆಯ ಆಚೆ ಮಕ್ಕಳೂ ಮುದುಕಿಯರೂ ಉಳಿದುಬಿಟ್ಟರು. ಮಕ್ಕಳು ಹೆಂಗೋ ಹಿಂದಿ ಕಲಿತುಕೊಂಡರು, ಕಾರ್ಟೂನು ಅಂದರೆ ಅದು ಬೇರೆ ಭಾಷೆಯದು ಅಂತಲೂ ಕಲಿತರು. ಅಜ್ಜಿಯರು ಮೊಮ್ಮಕ್ಕಳ ತೊಡೆ ತಿವಿಯುತ್ತಾ ಕೂತರು. ಇಷ್ಟಕ್ಕೂ ಒಂದು ಕಾರ್ಟೂನು ಕನ್ನಡಕ್ಕೆ ಬಂದರೆ ಹತ್ತಾರು ಕನ್ನಡ ದನಿಗಳಿಗೆ ಕೆಲಸ ಸಿಗುತ್ತದೆ, ಹೋಗುವುದಿಲ್ಲ.

ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ತಗ್ಗಿನ ಓಣಿಗಳು ಹೋದವು. ನಮ್ಮ ಮನೆಯೂ ಹೋಯಿತು. ಅಜ್ಜಿ ತೊಲೆ, ಬಾಗಿಲು ಕಿತ್ತುಕೊಂಡು ಹೋಗುವುದನ್ನು ನೋಡುತ್ತಾ ಕಟ್ಟೆಯ ಮೇಲೆ ಕೂತಿದ್ದಳು. ಟಿವಿಯ ಮರದ ಶಟರ್ ಯಾರ ಪಾಲಾಯಿತೋ ಗೊತ್ತಿಲ್ಲ. ನಾವು ನವನಗರದ ಸೆಕ್ಟರ್ ಮನೆಗೆ ಬಂದೆವು. ಅಲ್ಲಿ ಓಣಿಯ ಹುಡುಗರು ಗುಂಪಾಗಿ ಬರುವ ರೂಢಿ ಇರಲಿಲ್ಲ, ಎಲ್ಲರ ಮನೆಯಲ್ಲೂ ಅವರವರದೇ ಟಿವಿ.

2009ರಲ್ಲಿ ಸನ್ ನೆಟ್‌ವರ್ಕಿನವರ ಚಿಂಟು ಟಿವಿ ಶುರುವಾಯಿತು, ಮಕ್ಕಳಿಗೆ ಅಂತಲೇ ಕನ್ನಡದ ಚಾನೆಲ್ಲು. ಮರುವರ್ಷ ಬೆಂಗಳೂರಿನಿಂದ ರಜೆಗೆ ಊರಿಗೆ ಹೋಗಿದ್ದೆ. ಒಳಗೆ ಕಾಲಿಟ್ಟರೆ ಅಕ್ಕನ ಮಗಳೂ ಅಜ್ಜಿಯೂ ಯಾವುದೋ ಕಾರ್ಟೂನು ನೋಡುತ್ತಾ ಕೂತಿದ್ದಾರೆ. ಅಜ್ಜಿಗೆ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಪರದೆಯ ಮೇಲೆ ಏನೋ ಒಂದು ಪ್ರಾಣಿ ಏನೋ ಅಂದಿತು. ಹುಡುಗಿ ನಗುವ ಮೊದಲೇ ಅಜ್ಜಿ ಬೊಚ್ಚು ಬಾಯಿ ತೆರೆದು ನಕ್ಕಳು. ಆಕೆ ಯಾರ ತೊಡೆಯನ್ನೂ ತಿವಿಯಲಿಲ್ಲ. ಯಾಕೋ ಗಂಟಲು ಕಟ್ಟಿದಂಗಾಯಿತು. ಬ್ಯಾಗು ಕೆಳಗಿಟ್ಟು ಪಕ್ಕದಲ್ಲಿ ಕೂತು ಕೇಳಿದೆ,

"ಏನಂತಬೇ ಅಜ್ಜಿ ಅದು?"

ಅಜ್ಜಿ ನನ್ನ ಕಡೆ ತಿರುಗಲೂ ಇಲ್ಲ. "ಯಾಕ, ಬೆಂಗಳೂರಿಗೆ ಹೋಗಿ ಕನ್ನಡ ಮರತೇನೋ ತಮ್ಮಾ? ಸುಮ್ನ ಕುಂದರ, ಕೇಳಸವಲ್ದು" ಅಂದಳು. ಆಮೇಲೆ ಜಾಹೀರಾತು ಬಂದಾಗ ಮೆಲ್ಲಗೆ ಸೇರಿಸಿದಳು, "ನೀ ಹೇಳತಿದ್ದಿ ನೋಡು ಹುಲಿ ಕಥಿ, ಅದು ಸುಳ್ಳಂತ ನನಗ ಆವಾಗೇ ಗೊತ್ತಿತ್ತು. ಛಲೋ ಇತ್ತು ಬಿಡು."