ನರೆದಲೆಗನಿಗೆ ಪ್ರಮೋಷನ್

ಬೊಮ್ಮನಹಳ್ಳಿ ಕಡೆಯ ಐಟಿ ಕ್ಯಾಂಟೀನುಗಳಲ್ಲಿ ರಾಗಿಗೆ ಈಗ 'ಸೂಪರ್‌ಫುಡ್' ಅನ್ನೋ ಬೋರ್ಡು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಸಾರಿದ ಮೇಲೆ ಈ ಮರ್ಯಾದೆ ಇನ್ನೂ ಹೆಚ್ಚಿತು. ಆದ್ರೆ ತೀರ್ಪು ಹಳೇದು. 16ನೇ ಶತಮಾನದ ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ರಾಮ ಭತ್ತ, ರಾಗಿ ಎರಡನ್ನೂ ಆರು ತಿಂಗಳು ಸೆರೆಗೆ ಹಾಕಿಸ್ತಾನೆ. ಭತ್ತ ಕೆಡುತ್ತೆ, ನರೆದಲೆಗ ಗಟ್ಟಿಯಾಗೇ ಹೊರಗೆ ಬರ್ತಾನೆ. ಬರೀ ಕವಿಕಲ್ಪನೆ ಅಲ್ಲ ಇದು. ನಮ್ಮ ಕಡೆ ಬರಗಾಲಕ್ಕೆ ಅಂತ ಹಗೇವಿನಲ್ಲಿ ತುಂಬಿಡುತ್ತಿದ್ದದ್ದು ರಾಗಿಯನ್ನೇ.

ಇಳುವರಿ ಏರಿಸಿದವರು ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯ. ಇಲ್ಲಿನ ತಳಿಗೆ ಆಫ್ರಿಕಾದ ತಳಿ ಕೂಡಿಸಿ 'ಇಂಡಾಫ್' ತಂದರು. ರಾಗಿಯ ತವರೂ ಆಫ್ರಿಕಾನೇ. ಸಾವಿರಾರು ವರ್ಷದ ಮೇಲೆ ತವರಿನ ಜೊತೆ ಮತ್ತೆ ಸಂಬಂಧ ಬೆಳೆಸಿದ ಹಾಗಾಯ್ತು.

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ 10ರ ಆಸುಪಾಸು. ಮೈದಾ, ಸಕ್ಕರೆ ಬೆರೆಸಿದ ರಾಗಿ ಕುಕ್ಕೀಸಿಗೆ ಮಾತ್ರ ಈ ಲೆಕ್ಕ ಹಾಕಬೇಡಿ. ಪಕ್ಕದ ಗಾರ್ಮೆಂಟ್ಸ್ ಹೆಣ್ಮಕ್ಕಳ ಡಬ್ಬಿಯಲ್ಲಿ ಬೋರ್ಡಿಲ್ಲದ ಮುದ್ದೆ ಇರುತ್ತೆ. ನಮ್ಮ ಕ್ಯಾಂಟೀನಿನವರು ಮುದ್ದೆ ಮಾಡಲ್ಲ. ಚಮಚದಲ್ಲಿ ತಿನ್ನೋಕೆ ಬರಲ್ವಂತೆ.